ಲಾಲ್‌ಬಾಗ್: ನೆಟ್ಟವರು, ನೀರೆರೆದವರು, ನಾವು

ಬೆಂಗಳೂರಿನ ಲಾಲ್‌ಬಾಗ್ ಬಗ್ಗೆ ಮಾತು ಬಂದರೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಹೇಳುವ ಮಾತು, "ಅದು ಹೈದರ್ ಅಲಿ ಹಾಕಿಸಿದ ತೋಟ." ಮಾತು ನಿಜ. ಆದರೆ ಬಹಳ ಸಲ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಹೈದರನ ನಂತರ ಏನಾಯಿತು, ಆ ತೋಟ ಇಂದಿನವರೆಗೆ ಹೇಗೆ ಉಳಿಯಿತು, ಬಿಸಿಲಿಗೆ ಒಣಗದಂತೆ ಅದಕ್ಕೆ ನೀರು ಹಾಕಿದವರು ಯಾರು ಎಂದು ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇತ್ತೀಚೆಗಂತೂ ಹೈದರ್, ಟಿಪ್ಪು ಎಂಬ ಹೆಸರೆತ್ತಿದರೆ ವಾದ ಶುರುವಾಗುತ್ತದೆ. ಒಬ್ಬರು ಆ ಹೆಸರನ್ನು ಅಳಿಸಲು ನೋಡುತ್ತಾರೆ, ಇನ್ನೊಬ್ಬರು ಆ ಹೆಸರೊಂದನ್ನೇ ಹಿಡಿದು ಕೂರುತ್ತಾರೆ. ಈ ಗಲಾಟೆಯ ನಡುವೆ ಎರಡೂವರೆ ಶತಮಾನಕ್ಕೂ ಮೀರಿದ ಒಂದು ತೋಟದ ಪೂರ್ತಿ ಕಥೆ ನಮ್ಮ ಮಕ್ಕಳ ಕಿವಿಗೆ ಬೀಳದೆ ಹೋಗುತ್ತಿದೆ. ಅದಕ್ಕಾಗಿ ಈ ಲೇಖನ.

ಲಾಲ್‌ಬಾಗ್ ಆರಂಭವಾದದ್ದು 1760ರಲ್ಲಿ. ಆ ವರ್ಷ ಹೈದರನ ಪಾಲಿಗೆ ನೆಮ್ಮದಿಯ ವರ್ಷವಾಗಿರಲಿಲ್ಲ. ಅವನ ನಂಬಿಕೆಯ ದಿವಾನನಾಗಿದ್ದ ಖಂಡೇರಾವ್ ಶ್ರೀರಂಗಪಟ್ಟಣದಲ್ಲಿ ತಿರುಗಿಬಿದ್ದ. ಅದೇ 1760ರ ಆಗಸ್ಟಿನಲ್ಲಿ ಹೈದರ್ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು, ಬೆರಳೆಣಿಕೆಯ ಸವಾರರೊಂದಿಗೆ ರಾತ್ರೋರಾತ್ರಿ ಬೆಂಗಳೂರಿಗೆ ಬಂದ. ಬಾಲಕ ಟಿಪ್ಪು ಆಗ ವಿರೋಧಿಗಳ ಕಾವಲಿನಲ್ಲಿದ್ದ. ನಾಳೆ ಏನಾಗುವುದೋ ತಿಳಿಯದಂಥ ಕಾಲ. ಹಣ್ಣು ಬಿಡಲು ಹತ್ತಾರು ವರ್ಷ ಬೇಕಾಗುವ ಮರಗಳ ತೋಟದ ಆರಂಭಕ್ಕೂ ಇತಿಹಾಸ ಅದೇ ವರ್ಷವನ್ನು ಗುರುತಿಸಿದೆ. ಲೋಕ ಮುಗಿಯುವ ಗಳಿಗೆ ಬಂದರೂ ಕೈಯಲ್ಲಿರುವ ಸಸಿಯನ್ನು ನೆಡುವುದನ್ನು ಬಿಡಬಾರದೆಂಬ ಬೋಧನೆಯನ್ನು ಮಿಂಬರಿನಿಂದ ಕೇಳುತ್ತಾ ಬಂದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೈದರನಿಗೆ ತೋಟದ ಮಾದರಿ ಸಿಕ್ಕಿದ್ದು ಶಿರಾದಲ್ಲಿ. ಇಂದು ತುಮಕೂರು ಜಿಲ್ಲೆಯಲ್ಲಿರುವ ಶಿರಾ ಆಗ ಮೊಘಲರ ಸುಬಾದ ಕೇಂದ್ರವಾಗಿತ್ತು. ಅಲ್ಲಿನ ಸುಬೇದಾರ ದಿಲಾವರ್ ಖಾನ್ ಬೆಳೆಸಿದ್ದ ಉದ್ಯಾನ ದಕ್ಷಿಣದಲ್ಲೆಲ್ಲ ಹೆಸರಾಗಿತ್ತು. ಆ ಮಾದರಿಯ ಬೇರು ಇರಾನಿನಲ್ಲಿದೆ. ನೆಲವನ್ನು ಚೌಕ ಚೌಕವಾಗಿ ಪಾತಿ ಮಾಡುವುದು, ನಡುವೆ ನೇರವಾದ ದಾರಿ ಬಿಡುವುದು, ದಾರಿಯ ಎರಡೂ ಬದಿಗೆ ಸರ್ವೆಯಂತೆ ನೆಟ್ಟಗೆ ನಿಲ್ಲುವ ಸೈಪ್ರೆಸ್ ಮರಗಳನ್ನು ಸಾಲಾಗಿ ಇಡುವುದು, ಒಳಗೆ ಹಣ್ಣು ಮತ್ತು ಹೂವು. ಬೆಂಗಳೂರು ಕೋಟೆಯಿಂದ ಕೂಗಳತೆಯಲ್ಲಿ ಸುಮಾರು 40 ಎಕರೆ ನೆಲವನ್ನು ಆರಿಸಿ ಹೈದರ್ ಈ ರೀತಿಯ ತೋಟ ಹಾಕಿಸಿದ. ಕೆಂಗುಲಾಬಿಯಿಂದಾಗಿ ಅದಕ್ಕೆ ಲಾಲ್‌ಬಾಗ್ ಎಂಬ ಹೆಸರು ಬಂತೆಂದು ಹೇಳುವುದು ರೂಢಿ. 'ಗುಲಾಬಿ' ಎಂಬ ಮಾತೇ ಫಾರಸಿಯಿಂದ ಕನ್ನಡಕ್ಕೆ ಬಂದದ್ದು. ಹಾಗೆಯೇ ಅಂಜೂರ. ಹೂವು ಹಣ್ಣಿನ ಜೊತೆಗೆ ಅವುಗಳ ಹೆಸರೂ ಬಂದು ಈ ನೆಲದ ಮಾತಾಯಿತು. ಉತ್ತರ ಕರ್ನಾಟಕದ ನಮ್ಮ ಬಾಗವಾನ್ ಮನೆತನಗಳ ಹೆಸರಿನಲ್ಲಿ ಇರುವುದೂ ಇದೇ 'ಬಾಗ್'. ತೋಟ ಕಾಯುವವನು ಎಂದು ಅದರ ಅರ್ಥ.

ತಂದೆ ಹಾಕಿದ ತೋಟವನ್ನು ಟಿಪ್ಪು ಸುಲ್ತಾನ್ ಬೆಳೆಸಿದ. ಅವನ ಆಸಕ್ತಿ ಅಲಂಕಾರಕ್ಕಷ್ಟೇ ಸೀಮಿತವಾಗಿರಲಿಲ್ಲ. ಹೊರದೇಶಗಳ ಗಿಡಗಳು ಮೈಸೂರಿನ ಮಣ್ಣಿಗೆ ಒಗ್ಗುತ್ತವೆಯೇ ಎಂದು ನೋಡುವ ಹಂಬಲ ಅವನಿಗಿತ್ತು. ಬಂಗಾಳದಿಂದ ರೇಷ್ಮೆಹುಳು ತರಿಸಿ ಹಿಪ್ಪುನೇರಳೆ ಬೆಳೆಸಲು ಆಜ್ಞೆ ಮಾಡಿದವನು ಅವನೇ. ಇಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದುಡಿಯುವ ನಮ್ಮ ಎಷ್ಟೋ ಕುಟುಂಬಗಳ ಅನ್ನದ ಮೂಲ ಅಲ್ಲಿದೆ. 1788ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಸೈನಿಕ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ತೋಟಗಾರರನ್ನೂ ಬೀಜಗಳನ್ನೂ ಕೇಳಿದ್ದರು. ಟಿಪ್ಪು ಹೋದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಕಳುಹಿಸಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿಗೆ ಬಂದಾಗ ಈ ತೋಟಗಳನ್ನು ಕಂಡು ಬರೆದಿಟ್ಟ. ಚೌಕದ ಪಾತಿಗಳು, ಸೈಪ್ರೆಸ್ ಸಾಲಿನ ದಾರಿಗಳು, ಹಣ್ಣಿನ ಮರಗಳು ಆಗಲೂ ಇದ್ದವು.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಲಾಲ್‌ಬಾಗ್ ಎಂಬ ಹೆಸರಿನ ತೋಟಗಳು ಎರಡಿದ್ದವು. ಇನ್ನೊಂದು ಇದ್ದದ್ದು ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ತುದಿಯಲ್ಲಿ, ಗಂಜಾಮಿನ ಬಳಿ. ನಮ್ಮಲ್ಲಿ ಹೆಚ್ಚಿನವರು ಗುಂಬಜ್ ನೋಡಲು ಹೋಗಿದ್ದೇವೆ. ಹೈದರ್ ಅಲಿ, ಫಾತಿಮಾ ಫಖ್ರುನ್ನಿಸಾ ಮತ್ತು ಟಿಪ್ಪು ಸುಲ್ತಾನ್ ಮಲಗಿರುವ ಆ ಗುಂಬಜ್ ಇರುವುದೇ ಆ ಲಾಲ್‌ಬಾಗಿನಲ್ಲಿ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪಕ್ಕೆ ನುಗ್ಗಿದಾಗ ಮುತ್ತಿಗೆಯ ಕೆಲಸಕ್ಕೆ ಮರ ಬೇಕಾಯಿತು. ಕಂದಕಗಳಿಗೆ, ತೋಪುಗಳ ಮುಂದಿನ ಅಡ್ಡಗಟ್ಟೆಗಳಿಗೆ ಕಟ್ಟಿಗೆಯ ಹೊರೆಗಳು ಬೇಕಾದವು. ಹತ್ತಿರದಲ್ಲಿ ಸಿಕ್ಕಿದ್ದು ಲಾಲ್‌ಬಾಗಿನ ಮರಗಳು. ಸೈಪ್ರೆಸ್ ಸಾಲುಗಳೂ ಹಣ್ಣಿನ ಮರಗಳೂ ಕೊಡಲಿಗೆ ಬಿದ್ದವು. ತೋಟದ ಅರಮನೆ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಹತ್ತಾರು ವರ್ಷ ಬೆಳೆದದ್ದು ಕೆಲವೇ ದಿನಗಳಲ್ಲಿ ಬೋಳಾಯಿತು.

ಒಂದೇ ಮನೆತನ ಒಂದೇ ಹೆಸರಿಟ್ಟು ಬೆಳೆಸಿದ ಎರಡು ತೋಟಗಳಲ್ಲಿ ಒಂದು ಯುದ್ಧಕ್ಕೆ ಆಹುತಿಯಾಯಿತು, ಇನ್ನೊಂದು ಉಳಿಯಿತು. ನೆಟ್ಟವರ ಹೆಸರು ಎಷ್ಟೇ ದೊಡ್ಡದಾಗಿದ್ದರೂ ಅದೊಂದೇ ತೋಟವನ್ನು ಉಳಿಸಲಾರದು. ನಂತರ ಬಂದವರು ಕೈಯಲ್ಲಿ ಕೊಡಲಿ ಹಿಡಿದರೋ ನೀರಿನ ಕೊಡ ಹಿಡಿದರೋ ಎಂಬುದರ ಮೇಲೆ ಅದರ ಆಯಸ್ಸು ನಿಂತಿರುತ್ತದೆ.

ಬೆಂಗಳೂರಿನ ಲಾಲ್‌ಬಾಗಿಗೆ ನೀರಿನ ಕೊಡ ಹಿಡಿದವರು ಸಿಕ್ಕರು. 1799ರ ನಂತರ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್, ಬಳಿಕ ಮೇಜರ್ ಗಿಲ್ಬರ್ಟ್ ವಾ ಎಂಬ ಸೈನ್ಯಾಧಿಕಾರಿ ಇದನ್ನು ನೋಡಿಕೊಂಡರು. 1819ರಲ್ಲಿ ವಾ ಇದನ್ನು ಸರ್ಕಾರಕ್ಕೆ ಒಪ್ಪಿಸಿದಾಗ ತೋಟ ಕಲ್ಕತ್ತೆಯ ಸಸ್ಯೋದ್ಯಾನದ ಉಸ್ತುವಾರಿಗೆ ಹೋಯಿತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಬಂದಾಗ ತೋಟವೂ ಅವರ ವಶಕ್ಕೆ ಬಂತು. 1836ರಲ್ಲಿ ಒಂದು ಕೃಷಿ-ತೋಟಗಾರಿಕಾ ಸಂಘಕ್ಕೆ ಅದನ್ನು ವಹಿಸಿಕೊಟ್ಟರು. ಆರೇ ವರ್ಷದಲ್ಲಿ ಆ ಸಂಘ ಮುಚ್ಚಿತು, ತೋಟ ಮತ್ತೆ ಸರ್ಕಾರಕ್ಕೆ ಮರಳಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಎರಡು ವರ್ಷದ ಮೇಲೆ ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಎಂಬ ತೋಟಗಾರ ಮೇಲ್ವಿಚಾರಕನಾಗಿ ಬಂದ. ಅರವತ್ತು ವರ್ಷಗಳಲ್ಲಿ ಇಷ್ಟು ಕೈ ಬದಲಾದರೂ ತೋಟ ಸಾಯಲಿಲ್ಲ.

1874ರಲ್ಲಿ ಬಂದ ಜಾನ್ ಕ್ಯಾಮರಾನ್ ಇಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ. ಅವನು ಬಂದಾಗ ತೋಟ 45 ಎಕರೆ ಇತ್ತು. ಅವನ ಕಾಲದಲ್ಲಿ ಪೂರ್ವದ ಕಡೆಗೆ ಬೆಳೆದು, ಕೆಂಪೇಗೌಡ ಗೋಪುರವಿರುವ ಬಂಡೆಯನ್ನೂ ಒಳಗೆ ಸೇರಿಸಿಕೊಂಡು 188 ಎಕರೆಯಾಯಿತು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ. ಅದರ ಕಬ್ಬಿಣ ಸ್ಕಾಟ್ಲೆಂಡಿನ ಗ್ಲಾಸ್ಗೋದ ಎರಕದ ಕಾರ್ಖಾನೆಯಿಂದ ಹಡಗಿನಲ್ಲಿ ಬಂತು. ಕ್ಯಾಮರಾನ್ ತರಿಸಿ ಬೆಳೆಸಿದ ತರಕಾರಿಯೊಂದು ಇಂದು ನಮ್ಮ ಮನೆಗಳಲ್ಲಿ ಸಾರಿಗೋ ದಾಲ್ಚಾಕ್ಕೋ ಬೀಳುತ್ತದೆ. ಅದು ಸೀಮೆಬದನೆ. ಅಮೆರಿಕ ಖಂಡದ ಆ ಬಳ್ಳಿ ಬೆಂಗಳೂರಿನಲ್ಲಿ ಎಷ್ಟು ಚೆನ್ನಾಗಿ ಒಗ್ಗಿತೆಂದರೆ ತಮಿಳರು ಅದನ್ನು ಇಂದಿಗೂ ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಹೊರಗಿನ ಗಿಡ ತಂದು ಇಲ್ಲಿನ ಮಣ್ಣಿಗೆ ಒಗ್ಗಿಸುವ ಕೆಲಸವನ್ನು ಟಿಪ್ಪು ಮಾಡಿದ್ದ. ಅವನ ಶತ್ರುಗಳ ನಾಡಿನಿಂದ ಬಂದವನು ಅದೇ ಕೆಲಸವನ್ನು ಮುಂದುವರಿಸಿದ.

ಲಾಲ್‌ಬಾಗಿನ ಸುತ್ತಲಿನ ಗಲ್ಲಿಗಳಲ್ಲಿ ಬೆಳೆದ ನಮಗೆ ಈ ಇತಿಹಾಸ ಯಾವುದೂ ಬಾಲ್ಯದಲ್ಲಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗೇಟುಗಳು. ಮಾವಳ್ಳಿ, ಕಲಾಸಿಪಾಳ್ಯದ ಮಕ್ಕಳು ಮುಖ್ಯದ್ವಾರದಿಂದ ಬರುತ್ತಿದ್ದರು, ಸಿದ್ದಾಪುರದ ಮಕ್ಕಳು ಸಿದ್ದಾಪುರ ಗೇಟಿನಿಂದ, ಬಸವನಗುಡಿಯ ಮಕ್ಕಳು ಪಶ್ಚಿಮದ ಗೇಟಿನಿಂದ. ಎಲ್ಲರೂ ಕೊನೆಗೆ ಬಂದು ಸೇರುತ್ತಿದ್ದದ್ದು ಬಂಡೆಯ ಮೇಲೆ. ಅದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲೆಂದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಆಗ ಯಾರಿಗೆ ಗೊತ್ತು? ನಮಗೆ ಅದು ಜಾರುವ ಬಂಡೆ. ಚಡ್ಡಿಯ ಹಿಂಭಾಗ ಸವೆಯುವವರೆಗೆ ಜಾರುವುದು, ಗೋಪುರದ ಪಕ್ಕ ನಿಂತು ನಮ್ಮ ಮಸೀದಿಯ ಮಿನಾರು ಕಾಣುತ್ತದೆಯೇ ಎಂದು ಹುಡುಕುವುದು. ಆಗ ಅಷ್ಟು ಎತ್ತರದಿಂದ ಮಿನಾರು, ದೇವಸ್ಥಾನದ ಗೋಪುರ, ಇಗರ್ಜಿಯ ಶಿಲುಬೆ ಎಲ್ಲವೂ ಮರಗಳ ನಡುವೆ ತಲೆಯೆತ್ತಿ ಕಾಣುತ್ತಿದ್ದವು.

ರಂಜಾನ್ ಹಬ್ಬದ ಮರುದಿನ, ಅಂದರೆ ಬಾಸಿ ಈದ್‌ನಂದು, ಲಾಲ್‌ಬಾಗಿಗೆ ಹೋಗುವುದು ಎಷ್ಟೋ ಮನೆಗಳಲ್ಲಿ ಹಬ್ಬದಷ್ಟೇ ಖಾತ್ರಿಯ ಸಂಗತಿಯಾಗಿತ್ತು. ಟಿಫಿನ್ ಕ್ಯಾರಿಯರಿನಲ್ಲಿ ಬಗಾರಾ ಖಾನಾ, ದಾಲ್ಚಾ, ಕಬಾಬು. ನಾನಿ ನೆರಳು ನೋಡಿ ದಸ್ತರಖಾನ್ ಹಾಸುತ್ತಿದ್ದರು. ಮನೆಯ ನಾಲ್ಕು ಗೋಡೆಯೊಳಗೆ ವರ್ಷವಿಡೀ ದುಡಿಯುವ ಅಮ್ಮಿ, ಖಾಲಾ, ಚಾಚಿಯರು ಕಾಲು ಚಾಚಿ ಕುಳಿತು ಗಟ್ಟಿಯಾಗಿ ನಗುವುದನ್ನು ನಾವು ಕಂಡದ್ದು ಅಲ್ಲಿಯೇ. ಈದಿಯ ಚಿಲ್ಲರೆ ಕಡಲೆಕಾಯಿಗೂ ಖಾರ ಹಚ್ಚಿದ ಮಾವಿನಕಾಯಿಗೂ ಬೊಂಬಾಯಿ ಮಿಠಾಯಿಗೂ ಖರ್ಚಾಗುತ್ತಿತ್ತು. ಪಕ್ಕದ ಮರದ ಕೆಳಗೆ ಪುಳಿಯೋಗರೆ ಡಬ್ಬಿ ಬಿಚ್ಚಿದ ಇನ್ನೊಂದು ಕುಟುಂಬ. ಅವರ ಚೆಂಡು ನಮ್ಮ ದಸ್ತರಖಾನಿಗೆ ಬಂದು ಬಿದ್ದರೆ ಅಲ್ಲಿಗೆ ಪರಿಚಯ. ಬಯಲಿನಲ್ಲಿ ಎಲ್ಲ ಮಕ್ಕಳೂ ಒಂದೇ ತಂಡ.

ಕನ್ನಡವನ್ನೂ ನಮ್ಮಲ್ಲಿ ಹಲವರು ಕಲಿತದ್ದು ಆ ಮರಗಳ ಕೆಳಗೆ. ಮನೆಯಲ್ಲಿ ನಾನಿ ಜಾಮೂನ್ ಎನ್ನುತ್ತಿದ್ದರು, ಶಾಲೆಯ ಮೇಷ್ಟ್ರು ನೇರಳೆ ಎನ್ನುತ್ತಿದ್ದರು, ಮರಕ್ಕೆ ಹೊಡೆದ ತಗಡಿನ ಫಲಕದಲ್ಲಿ ಬಾಯಿಗೆ ಬಾರದ ಲ್ಯಾಟಿನ್ ಹೆಸರು. ಮನೆಯ ಇಮ್ಲಿಯೇ ಶಾಲೆಯ ಹುಣಸೆ. ಅದಕ್ಕೆ ಅರಬರು ಇಟ್ಟ ಹೆಸರು ತಮರ್ ಹಿಂದಿ, ಹಿಂದೂಸ್ಥಾನದ ಖರ್ಜೂರ ಎಂದು ಮದ್ರಸಾದ ಉಸ್ತಾದರು ಹೇಳಿದ ದಿನ ನಮಗೆ ಆದ ಖುಷಿ ಅಷ್ಟಿಷ್ಟಲ್ಲ. ಒಂದೇ ಮರಕ್ಕೆ ಇಷ್ಟು ಹೆಸರಿದ್ದರೂ ನೆರಳು ಮಾತ್ರ ಒಂದೇ ಎಂಬುದು ಆ ವಯಸ್ಸಿಗೂ ತಿಳಿಯುತ್ತಿತ್ತು.

ತೋಟದ ಮಾಲಿಗಳನ್ನು ನಾವು ಮರೆಯುವಂತಿಲ್ಲ. ಖಾಕಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಬೆಳಗಿನ ಚಳಿಯಲ್ಲಿ ರಬ್ಬರಿನ ಪೈಪು ಎಳೆದುಕೊಂಡು ಹೋಗುವ ಆ ಜನ ಕಲ್ಲು ಹೊಡೆಯುವ ಮಕ್ಕಳನ್ನು ಗದರಿಸುತ್ತಿದ್ದರು. ನೇರಳೆಯ ಕಾಲದಲ್ಲಿ ತಾವೇ ಉದುರಿದ ಹಣ್ಣನ್ನು ಆರಿಸಿ ಬೊಗಸೆಗೆ ಹಾಕುತ್ತಿದ್ದರು. ಬೆಂಗಳೂರಿನ ಸುತ್ತ ಹೂವು, ತರಕಾರಿ ಬೆಳೆಯುವುದನ್ನೇ ಕುಲಕಸುಬು ಮಾಡಿಕೊಂಡು ಬಂದವರು ತಿಗಳರು. ಅವರ ಹಬ್ಬವಾದ ಕರಗದ ಮೆರವಣಿಗೆ ಪ್ರತಿವರ್ಷ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾದ ಬಳಿ ನಿಂತು ಮುಂದೆ ಹೋಗುವುದನ್ನು ಬೆಂಗಳೂರಿಗರೆಲ್ಲ ಬಲ್ಲರು. ರಾಜರು ಆಜ್ಞೆ ಮಾಡಿದರು, ಅಧಿಕಾರಿಗಳು ನಕ್ಷೆ ಬರೆದರು. ಬೇಸಿಗೆಯಲ್ಲಿ ಕಪಿಲೆಯ ಎತ್ತು ಹೊಡೆದು ಬಾವಿಯ ನೀರೆತ್ತಿ ಪಾತಿಗೆ ಹರಿಸಿದ ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ. ಆದರೆ ಅವರು ಒಂದು ಬೇಸಿಗೆ ಕೈಬಿಟ್ಟಿದ್ದರೂ ಇಂದು ಹೇಳಿಕೊಳ್ಳಲು ಲಾಲ್‌ಬಾಗ್ ಇರುತ್ತಿರಲಿಲ್ಲ.

ಕ್ಯಾಮರಾನ್ ನಂತರದ ಕಥೆಯೂ ಹೀಗೆಯೇ ಕೈಯಿಂದ ಕೈಗೆ ಸಾಗುತ್ತದೆ. 1908ರಲ್ಲಿ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬಂದರು. ವರ್ಷದ ಎಲ್ಲ ತಿಂಗಳಲ್ಲೂ ಊರಿನ ಯಾವುದಾದರೊಂದು ಬೀದಿಯಲ್ಲಿ ಮರ ಹೂಬಿಟ್ಟಿರಬೇಕೆಂದು ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಸಾಲುಮರ ಆರಿಸಿಕೊಟ್ಟವರು ಅವರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಉದ್ಯಾನಗಳೆಂದರೆ ಪ್ರಾಣ. ಕನ್ನಂಬಾಡಿಯ ಬೃಂದಾವನ ಅವರ ಆಸೆ ಮತ್ತು ಕ್ರುಂಬಿಗಲ್ ಅವರ ಕೈಚಳಕ ಎರಡೂ ಸೇರಿ ಆದದ್ದು. 1932ರಲ್ಲಿ ಕ್ರುಂಬಿಗಲ್ ನಿವೃತ್ತರಾದಾಗ ಕನ್ನಡ ನಾಡಿನವರೇ ಆದ ಎಚ್.ಸಿ. ಜವರಾಯರು ತೋಟದ ಹೊಣೆ ಹೊತ್ತರು. ಅವರ ಕಾಲದಲ್ಲಿ ಗಾಜಿನ ಮನೆ ಪೂರ್ವಕ್ಕೆ ವಿಸ್ತಾರವಾಯಿತು. ಸ್ವಾತಂತ್ರ್ಯದ ನಂತರ ಡಾ. ಎಂ.ಎಚ್. ಮರಿಗೌಡರು ಬಂದು ತೋಟಗಾರಿಕೆಯನ್ನು ಲಾಲ್‌ಬಾಗಿನ ಬೇಲಿಯಾಚೆಗೆ, ರಾಜ್ಯದ ಹಳ್ಳಿಹಳ್ಳಿಯ ರೈತರ ಹೊಲಕ್ಕೆ ಕೊಂಡೊಯ್ದರು. ಹೈದರನ 40 ಎಕರೆ ಇಂದು 240 ಎಕರೆಯಾಗಿದೆ.

ಈ ಹೆಸರುಗಳನ್ನು ಸಾಲಾಗಿಟ್ಟು ನೋಡಿ. ದಖ್ಖನಿನ ಮುಸ್ಲಿಂ ದೊರೆ, ಅವನ ಮಗ, ಅವರನ್ನು ಸೋಲಿಸಿದ ಕಂಪನಿಯ ಅಧಿಕಾರಿಗಳು, ಬ್ರಿಟನ್ನಿನ ಮತ್ತು ಜರ್ಮನಿಯ ತೋಟಗಾರರು, ಮೈಸೂರಿನ ಅರಸರು, ಅವರ ಮುಸ್ಲಿಂ ದಿವಾನರು, ಒಕ್ಕಲು ಮನೆತನದ ವಿದ್ಯಾವಂತರು, ಹೆಸರಿಲ್ಲದ ಸಾವಿರಾರು ಮಾಲಿಗಳು. ಇವರಲ್ಲಿ ಯಾರೊಬ್ಬರನ್ನು ತೆಗೆದರೂ ಸರಪಳಿ ತುಂಡಾಗುತ್ತದೆ. ಹೈದರ್ ಅಲಿಯ ಹೆಸರನ್ನು ಮರೆಮಾಚುವವರು ಇತಿಹಾಸಕ್ಕೆ ಅನ್ಯಾಯ ಮಾಡುತ್ತಾರೆ. ಅದನ್ನು ನಾವು ವಿನಯದಿಂದ, ಆದರೆ ಗಟ್ಟಿಯಾಗಿಯೇ ಹೇಳಬೇಕು. ಅಷ್ಟೇ ಗಟ್ಟಿಯಾಗಿ ಉಳಿದ ಹೆಸರುಗಳನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ತಾತ ನೆಟ್ಟ ಮರದ ನೆರಳಿನಲ್ಲಿ ಕುಳಿತು ತಾತನನ್ನು ಹೊಗಳುವುದು ಸುಲಭ. ಆ ಮರಕ್ಕೆ ನೂರು ವರ್ಷ ನೀರೆರೆದ ನೆರೆಯವರನ್ನು ನೆನೆಯುವುದು ಕೃತಜ್ಞತೆ.

ತೋಟಕ್ಕೆ ಕಾನೂನಿನ ಆಸರೆಯೂ ಇದೆ. ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ 1975ರಲ್ಲಿ ಬಂತು. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳ ನೆಲವನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯುವುದು ಅದರ ಉದ್ದೇಶ. ಆದರೆ ಬೆಳೆಯುವ ನಗರದ ಹಸಿವು ದೊಡ್ಡದು. ರಸ್ತೆಗೋ ರೈಲಿಗೋ ಒಂದಿಷ್ಟು ಜಾಗ ಎಂಬ ಮಾತು ಆಗಾಗ ಏಳುತ್ತಲೇ ಇರುತ್ತದೆ. ಆಗ ದನಿಯೆತ್ತುವ ನಾಗರಿಕರ ಗುಂಪಿನಲ್ಲಿ ನಮ್ಮ ಜನ ಎಷ್ಟಿರುತ್ತಾರೆ? ಹೈದರ್ ಕಟ್ಟಿಸಿದ್ದು ಎಂದು ಹೆಮ್ಮೆಪಡುವ ಬಾಯಿ, ಮರ ಉರುಳುವ ಸುದ್ದಿ ಬಂದ ದಿನವೂ ತೆರೆಯಬೇಕಲ್ಲವೇ? ನಮ್ಮ ಮಾತಿಗೆ ತೂಕ ಬರುವುದು ಆಗಲೇ.

ನಮ್ಮಲ್ಲಿ ಅಮಾನತ್ ಎಂಬ ಮಾತಿದೆ. ಇನ್ನೊಬ್ಬರು ನಂಬಿ ನಮ್ಮ ಕೈಗಿಟ್ಟ ವಸ್ತು. ಅದನ್ನು ಬಳಸಬಹುದು, ಹಾಳುಮಾಡುವಂತಿಲ್ಲ, ಕೊನೆಗೆ ಮುಂದಿನವರಿಗೆ ಒಪ್ಪಿಸಲೇಬೇಕು. ಲಾಲ್‌ಬಾಗ್ ಈ ನಗರದ ಎಲ್ಲರ ಕೈಯಲ್ಲಿರುವ ಅಮಾನತ್. ಅದರಲ್ಲಿ ನಮ್ಮ ಪಾಲಿನ ಹೊಣೆ ತೀರಿಸಲು ದೊಡ್ಡ ಸಾಹಸವೇನೂ ಬೇಕಾಗಿಲ್ಲ. ಹಬ್ಬದ ಮರುದಿನ ಮಕ್ಕಳನ್ನು ಕರೆದುಕೊಂಡು ಹೋಗೋಣ. ಗಾಜಿನ ಮನೆ, ಹೂವಿನ ಗಡಿಯಾರದ ಮುಂದೆ ಫೋಟೊ ತೆಗೆದಾದ ಮೇಲೆ, ಟಿಪ್ಪುವಿನ ಕಾಲದ್ದೆಂದು ಹೇಳುವ ಮುದಿ ಮಾವಿನ ಮರದ ಬಳಿಗೂ, ಇನ್ನೂರು ವರ್ಷದ ಬೂರುಗದ ಬಳಿಗೂ ಕರೆದೊಯ್ದು ಅವರ ಅಂಗೈಯನ್ನು ತೊಗಟೆಗೆ ಒತ್ತಿಸೋಣ. ಪ್ರತಿ ಮಗುವೂ ಹತ್ತು ಮರಗಳ ಹೆಸರನ್ನು ಮನೆಯ ಮಾತಿನಲ್ಲೂ ಕನ್ನಡದಲ್ಲೂ ಕಲಿಯಲಿ. ಊಟ ಮುಗಿದ ಮೇಲೆ ಕಾಗದದ ತಟ್ಟೆ, ನೀರಿನ ಬಾಟಲಿ, ಎಲುಬಿನ ಚೂರು ಒಂದನ್ನೂ ಬಿಡದೆ ಚೀಲಕ್ಕೆ ತುಂಬಿ ಹೊರಗೆ ತರೋಣ. ನಾವು ಎದ್ದುಹೋದ ಜಾಗ ನಾವು ಬಂದಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿದ್ದರೆ, ಅದನ್ನು ನೋಡುವ ಮಾಲಿಗೆ ನಾವು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಹೊರಗೆ ಬರುವಾಗ ಗೇಟಿನ ಬಳಿಯ ಸಸ್ಯಕ್ಷೇತ್ರದಿಂದ ಒಂದು ಸಸಿಯನ್ನೂ ತರೋಣ. ಮನೆಯ ಮುಂದೆ ಜಾಗವಿಲ್ಲದಿದ್ದರೆ ಮಸೀದಿಯ ಅಂಗಳದಲ್ಲಿ, ಖಬರಸ್ತಾನದ ಬೇಲಿಯ ಬದಿಯಲ್ಲಿ, ಮಗು ಓದುವ ಶಾಲೆಯ ಮೂಲೆಯಲ್ಲಿ ನೆಡಬಹುದು. ವುಜೂ ಮಾಡಿದ ನೀರು ಮೋರಿಗೆ ಹರಿಯುವ ಬದಲು ಅದರ ಬುಡಕ್ಕೆ ಹರಿಯುವಂತೆ ಒಂದು ಸಣ್ಣ ಕಾಲುವೆ ತೋಡಿದರೆ ಸಾಕು, ಬೇಸಿಗೆಯಲ್ಲೂ ಅದು ಒಣಗುವುದಿಲ್ಲ.